ಕ್ಲಾಂಪಕ್ಕನ ನೀರಿನ ಕಂಪ್ಯೂಟರು

ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ಅವಳನ್ನು ನಿಜವಾದ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಅಲ್ಲಿ ಅವಳು ಕ್ಲಾಂಪಕ್ಕ. ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ನೀಲಿ ಪ್ಲಾಸ್ಟಿಕ್ ಕ್ಲಾಂಪುಗಳನ್ನು ಕೋಟಿನ ಎರಡೂ ಜೇಬುಗಳಲ್ಲಿ ತುಂಬಿಕೊಂಡು ಓಡಾಡುತ್ತಿದ್ದಳು. ರೋಗಿಯ ತೋಳಿನಿಂದ ಯಂತ್ರಕ್ಕೆ, ಯಂತ್ರದಿಂದ ತಿರುಗಿ ತೋಳಿಗೆ ರಕ್ತ ಹರಿಯುವ ಟ್ಯೂಬಿನಲ್ಲಿ ಏನೇ ಹೆಚ್ಚುಕಮ್ಮಿಯಾಗಲಿ, ಮೊದಲು ಟ್ಯೂಬಿನ ಕುತ್ತಿಗೆ ಹಿಸುಕಬೇಕು. ಕಾರಣ ಆಮೇಲೆ ಹುಡುಕಿದರಾಯಿತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠ ಅದು, ಕೊನೆಯ ಪಾಠವೂ ಅದೇ.

ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದರೆ ಅವಳಿಗೆ ಒಂದು ಹೊತ್ತಿನ ರಾಜ್ಯಭಾರ. ಮುಂದಿನ ಕೋಣೆಯ ಮೂಲೆಯಲ್ಲಿ ಕಂಪ್ಯೂಟರಿತ್ತು, ಅದರೊಳಗೆ ಒಂದು ಆಟ. ಆ ಆಟದಲ್ಲಿ ಕುದುರೆಯೇರಿ ಕಣ್ಣು ಹಾಯುವವರೆಗೂ ಹಬ್ಬಿದ ಹುಲ್ಲುಗಾವಲಿನಲ್ಲಿ ಹೋಗುತ್ತಲೇ ಇರಬಹುದಿತ್ತು. ಗುಡ್ಡದ ಹಿಂದೆ ಕಳ್ಳರಿದ್ದರು, ಕೋಟೆಗಳಲ್ಲಿ ಯುದ್ಧ ನಡೆಯುತ್ತಿತ್ತು. ಅವಳು ಆ ಕಡೆ ತಲೆ ಹಾಕುತ್ತಿರಲಿಲ್ಲ. ಗಾಳಿಗೆ ಹುಲ್ಲು ಬಾಗುವುದನ್ನು ನೋಡುತ್ತ, ಕುದುರೆಯನ್ನು ಹೊಳೆಗೆ ಇಳಿಸಿ ನೀರು ಕುಡಿಸಿ, ಮತ್ತೆ ಹತ್ತಿಸಿ ಹೋಗುತ್ತಿದ್ದಳು. ಅಲ್ಲಿ ಯಾವ ಯಂತ್ರವೂ ಕಿರುಚುತ್ತಿರಲಿಲ್ಲ. ಯಾರೂ "ಅಕ್ಕಾ" ಎಂದು ಕೂಗುತ್ತಿರಲಿಲ್ಲ.

ಅಷ್ಟೊಂದು ಹುಲ್ಲನ್ನು ಒಂದೊಂದು ಎಳೆಯಾಗಿ ಬರೆದು ತೋರಿಸುವುದು ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡಿನ ಕೆಲಸ. ಅದನ್ನು ಗಂಡ ತಂದದ್ದು. ಅವನು ಬೇಕರಿಯಲ್ಲಿ ರಾತ್ರಿಯೆಲ್ಲ ಬ್ರೆಡ್ಡಿನ ಭಟ್ಟಿಯ ಮುಂದೆ ನಿಂತು ದುಡಿಯುವವನು. ಬಾಗಿಲು ಹಾಕುತ್ತಿದ್ದ ಒಂದು ಗೇಮಿಂಗ್ ಸೆಂಟರಿನಿಂದ ಆ ಕಾರ್ಡನ್ನು ಗಿಟ್ಟಿಸಿ, ಬ್ರೆಡ್ಡಿನ ಡಬ್ಬಿಯಲ್ಲಿಟ್ಟುಕೊಂಡು, ಎಳೆಗೂಸನ್ನು ತರುವವನಂತೆ ಎದೆಗವಚಿಕೊಂಡು ಬಂದಿದ್ದ. ಆ ಮಾದರಿಯನ್ನು ಕಂಪನಿಯವರು ಮಾಡುವುದನ್ನೇ ನಿಲ್ಲಿಸಿದ್ದರು. ಹೋದರೆ ಹೋಯಿತು, ಇನ್ನೊಂದು ಸಿಗುವುದಿಲ್ಲ.

ಆದರೆ ಆ ಕಾರ್ಡಿಗೆ ಮೈ ಕಾದರೆ ತಡೆಯುತ್ತಿರಲಿಲ್ಲ. ಅದರ ಬೆನ್ನಿನ ಮೇಲಿದ್ದ ಫ್ಯಾನುಗಳು ಹಿಟ್ಟಿನ ಗಿರಣಿಯಂತೆ ಅರಚುತ್ತಿದ್ದವು. ಅವಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದರಿಂದ ಗಿರಣಿ ಅವಳಿಗೆ ಕೇಳಿಸುತ್ತಿರಲಿಲ್ಲ. ಅದೇ ಕೋಣೆಯಲ್ಲಿ, ಅಡ್ಡಕ್ಕೆ ಇಳಿಬಿಟ್ಟ ಪರದೆಯ ಆಚೆ, ಗಂಡ ಹಗಲು ನಿದ್ದೆ ಮಾಡುತ್ತಿದ್ದ. ಮಾಡುತ್ತಿದ್ದಾನೆ ಎಂದು ಅವಳು ಅಂದುಕೊಂಡಿದ್ದಳು.

ಒಂದು ಮಧ್ಯಾಹ್ನ ಬಾಯಾರಿ ಅಡುಗೆಮನೆಗೆ ಹೋದರೆ, ಸಿಲಿಂಡರಿಗೂ ಗೋಡೆಗೂ ನಡುವೆ ಚಾಪೆ ಹಾಸಿಕೊಂಡು ಅವನು ಮುದುಡಿ ಮಲಗಿದ್ದ.

"ಇದೇನ್ರೀ, ಇಲ್ಲಿ ಮಲಗಿದೀರಾ?"

ಅವನು ಕಣ್ಣು ಬಿಟ್ಟ. "ಇಲ್ಲಿ ತಂಪು ಕಣೇ."

"ಒಲೆ ಪಕ್ಕದಲ್ಲಿ ತಂಪಾ?"

"ಭಟ್ಟಿ ಮುಂದೆ ನಿಂತವನಿಗೆ ಎಲ್ಲಾ ತಂಪೇ."

"ಎಷ್ಟು ದಿನದಿಂದ ನಡೀತಿದೆ ಇದು?"

"ಆಂ?" ಎಂದ ಅವನು. ಕಿವಿಯಿಂದ ಹತ್ತಿಯ ಉಂಡೆ ತೆಗೆದು ಮತ್ತೆ ಕೇಳಿದ, "ಏನಂದೆ?"

ಅವಳು ಹೋಗಿ ಕಂಪ್ಯೂಟರು ಆರಿಸಿದಳು. ಆ ವಾರವೆಲ್ಲ ಅದನ್ನು ಮುಟ್ಟಲಿಲ್ಲ. ಆಸ್ಪತ್ರೆಯಿಂದ ಬಂದು, ಬಟ್ಟೆ ಮಡಚಿ, ಮಡಚಿದ್ದನ್ನೇ ಇನ್ನೊಮ್ಮೆ ಮಡಚಿ, ಕಿಟಕಿಯ ಹತ್ತಿರ ಕುಳಿತಿರುತ್ತಿದ್ದಳು. ಕಣ್ಣು ಮುಚ್ಚಿದರೆ ಹುಲ್ಲು ಬರುತ್ತಿರಲಿಲ್ಲ, ಬೆಳಗ್ಗೆ ನೋಡಿದ ಟ್ಯೂಬುಗಳೇ ಬರುತ್ತಿದ್ದವು. ಪರದೆಯ ಆಚೆ ಅವನಿಗೂ ನಿದ್ದೆ ಬರುತ್ತಿರಲಿಲ್ಲ.

"ಯಾಕೆ ಆಡ್ತಿಲ್ಲ?" ಎಂದು ಅವನು ಅಲ್ಲಿಂದಲೇ ಕೇಳಿದ.

"ಬೇಜಾರು."

"ಸುಳ್ಳು ಹೇಳ್ಬೇಡ. ನಾನು ಆ ಕಾರ್ಡು ತಂದದ್ದು ಷೋಕೇಸಲ್ಲಿ ಇಡೋಕೇನೇ? ನಿನಗೆ ಬೇಡ ಅಂದ್ರೆ ನನಗೆ ಬ್ರೆಡ್ ಕತ್ತರಿಸೋಕೂ ಬರಲ್ಲ ಅದು."

ಆಡಿದರೆ ಅವನ ನಿದ್ದೆ ಹಾಳು, ಆಡದಿದ್ದರೆ ಅವನ ಮನಸ್ಸು ಹಾಳು. ಅಡಕತ್ತರಿಯಲ್ಲಿ ಸಿಕ್ಕಿಕೊಂಡವಳಂತೆ ಅವಳು ಕಂಪ್ಯೂಟರ್ ಸಾಮಾನಿನ ಅಂಗಡಿಗೆ ಹೋದಳು. ಆ ಅಂಗಡಿಯವನನ್ನು ಎಲ್ಲರೂ ಕೂಲಣ್ಣ ಎನ್ನುತ್ತಿದ್ದರು. ಕೂಲರುಗಳನ್ನು ಮಾರುತ್ತಿದ್ದನೆಂದೋ, ಗಿರಾಕಿ ಎಷ್ಟು ಕೂಗಾಡಿದರೂ ಬಿಸಿಯಾಗುತ್ತಿರಲಿಲ್ಲವೆಂದೋ, ಯಾರಿಗೂ ಗೊತ್ತಿರಲಿಲ್ಲ.

"ಶಬ್ದ ಇರಬಾರದು, ಕಾರ್ಡೂ ಕಾಯಬಾರದು. ಅಷ್ಟೇ ತಾನೆ?" ಎಂದ ಕೂಲಣ್ಣ. "ನೀರು ಹಾಕ್ಸಿ ಅಕ್ಕ."

"ಎಲ್ಲಿಗೆ?"

"ಕಂಪ್ಯೂಟರ್ ಒಳಗೆ."

ಅವಳು ಅವನ ಮುಖ ನೋಡಿದಳು. ತಮಾಷೆಯ ಸುಳಿವು ಕಾಣಲಿಲ್ಲ. ಅವನು ಗಾಜಿನ ಪೆಟ್ಟಿಗೆಯಿಂದ ಒಂದೊಂದನ್ನೇ ತೆಗೆದು ಮೇಜಿನ ಮೇಲಿಟ್ಟ. ಕಾರ್ಡಿನಲ್ಲಿ ಬಿಸಿಯಾಗುವ ಚಿಪ್ಪಿನ ಮೇಲೆ ಕೂರಿಸುವ ತಾಮ್ರದ ಗಟ್ಟಿ, ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಅದರ ಹೊಟ್ಟೆಯೊಳಗೆ ಕೂದಲೆಳೆಯಂಥ ಸಂದುಗಳು, ಅವುಗಳಲ್ಲಿ ನೀರು ಹರಿದು ಬಿಸಿಯನ್ನು ಹೊತ್ತೊಯ್ಯುತ್ತದೆ. ನೀರನ್ನು ತಳ್ಳಲು ಮುಷ್ಟಿಗಾತ್ರದ ಪಂಪು. ಬಿಸಿನೀರು ಆರಲು ರೇಡಿಯೇಟರು. ಎಲ್ಲವನ್ನೂ ಸುತ್ತು ಸೇರಿಸಲು ಬೆರಳುಗಾತ್ರದ ಟ್ಯೂಬು. ಫ್ಯಾನು ಇದ್ದರೂ ರೇಡಿಯೇಟರಿನ ಮೇಲೆ ಮೆಲ್ಲಗೆ ತಿರುಗಿದರೆ ಸಾಕು, ಅರಚುವ ಅಗತ್ಯವಿಲ್ಲ.

ಅವಳ ಕೈ ತಾನೇ ತಾನಾಗಿ ಟ್ಯೂಬನ್ನು ಎತ್ತಿ ಬೆರಳುಗಳ ನಡುವೆ ಹಿಸುಕಿ ನೋಡಿತು. ಇದೆಲ್ಲ ಅವಳಿಗೆ ಗೊತ್ತಿದ್ದದ್ದೇ. ಗೊತ್ತಿದ್ದದ್ದರಿಂದಲೇ ಅದನ್ನು ತಟ್ಟನೆ ಮೇಜಿನ ಮೇಲಿಟ್ಟಳು. ಟ್ಯೂಬು ಎಂದರೆ ಸೋರುವ ವಸ್ತು. ಅದರ ಕೆಳಗೆ ಗಂಡ ಎದೆಗವಚಿಕೊಂಡು ತಂದ ಕಾರ್ಡು, ಕಾರ್ಡಿನ ತುಂಬ ಕರೆಂಟು. ಒಂದು ಹನಿ ಸಾಕು.

"ಸೋರಿದರೆ?"

"ಸೋರಲ್ಲ."

"ಸೋರಿದರೆ?"

"ಅಕ್ಕ, ಸರಿಯಾಗಿ ಬಿಗಿದರೆ ಸೋರಲ್ಲ."

"ನಮ್ಮಲ್ಲೂ ಹಾಗೇ ಅಂತಾರೆ," ಎಂದಳು ಅವಳು, "ಸೋರೋವರೆಗೂ."

ಆದರೂ ಮನೆಗೆ ಬಂದವಳೇ ಲೆಕ್ಕಾಚಾರಕ್ಕೆ ಕೂತಳು. ಕಂಪ್ಯೂಟರಿನ ಪೆಟ್ಟಿಗೆಯೊಳಗೆ ರೇಡಿಯೇಟರ್ ಎಲ್ಲಿ ಹಿಡಿಸುತ್ತದೆ? ಮೇಲಿನ ತಟ್ಟೆಗೆ ಕಟ್ಟಿದರೆ ಮೆಮೊರಿ ಪಟ್ಟಿಗಳ ತಲೆಗೆ ತಾಗುತ್ತದೆಯೇ? ಆಸ್ಪತ್ರೆಯ ಕೈಗವಸಿನ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ, ಅಂಟಿಸಿ, ಅಳತೆಗೆ ಸರಿಯಾಗಿ ಒಂದು ರಟ್ಟಿನ ರೇಡಿಯೇಟರ್ ಮಾಡಿ ಒಳಗಿಟ್ಟು ನೋಡಿದಳು. ತಾಗಿತು. ತೆಳ್ಳಗಿನದೊಂದನ್ನು ಮಾಡಿದಳು. ಕೂತಿತು. ತೆಳ್ಳಗಿದ್ದರೆ ನೀರು ಸಾಕಷ್ಟು ಆರುತ್ತದೆಯೇ ಎಂಬ ಇನ್ನೊಂದು ಚಿಂತೆ ಅದರ ಬೆನ್ನಿಗೇ ಹುಟ್ಟಿತು. ಅಗ್ಗದ ರೇಡಿಯೇಟರುಗಳು ಅಲ್ಯೂಮಿನಿಯಮ್ಮಿನವು, ತಾಮ್ರದ ಬ್ಲಾಕಿನ ಜೊತೆ ಒಂದೇ ನೀರಿನಲ್ಲಿ ಕೂಡಿದರೆ ಒಂದನ್ನೊಂದು ತಿಂದುಹಾಕುತ್ತವೆ ಎಂದು ಎಲ್ಲೋ ಓದಿದಳು. ಓದಿದ ಮೇಲೆ, ಸೇರದ ಜಾತಕಗಳನ್ನು ಹಿಡಿದುಕೊಂಡ ಹೆಣ್ಣಿನ ತಾಯಿಯಂತೆ, ಒಂದೊಂದು ಸಾಮಾನಿನ ಮೂಲವನ್ನೂ ಕೆದಕತೊಡಗಿದಳು.

ಗಂಡ ಬೇಕರಿಗೆ ಹೊರಡುವ ಮುನ್ನ ಅವಳ ಹೆಗಲ ಮೇಲಿಂದ ಇಣುಕಿದ. "ಇದೇನೇ, ರಟ್ಟಿನ ಮನೆ ಕಟ್ತಿದೀಯಾ?"

"ಬಣ್ಣ ಯಾವುದು ಹಾಕಲಿ? ನೀರಿಗೆ ಬಣ್ಣ ಹಾಕ್ತಾರಂತೆ."

"ಕೆಂಪು ಹಾಕು, ಚೆನ್ನಾಗಿರುತ್ತೆ."

"ಕೆಂಪು ಬೇಡ."

"ಯಾಕೆ?"

"ದಿನಾ ನೋಡ್ತೀನಲ್ಲ."

ಅವನು ನಾಲಿಗೆ ಕಚ್ಚಿಕೊಂಡ. "ಹಾಗಾದ್ರೆ ಬರೀ ನೀರು ಸಾಕು ಬಿಡು. ನೀರಿನ ಬಣ್ಣ ನೀರಿಗೇ ಚೆಂದ."

ಅಂದು ರಟ್ಟಿನ ಹಿಂಬದಿಯಲ್ಲಿ ಅವಳು ನೀರಿನ ದಾರಿಯ ನಕ್ಷೆ ಬರೆದಳು. ಪಂಪಿನಿಂದ ಕಾರ್ಡಿಗೆ. ನಡುವೆ ಒಂದು ವಾಲ್ವು, ಏನಾದರೂ ಆದರೆ ತಿರುವಿ ಮುಚ್ಚಲು. ಕಾರ್ಡಿನಿಂದ ಹೊರಬರುವಲ್ಲಿ ಇನ್ನೊಂದು, ಕಾರ್ಡನ್ನು ಎರಡೂ ಕಡೆಯಿಂದ ಬೇರ್ಪಡಿಸಲು. ರೇಡಿಯೇಟರಿಗೆ ಹಿಂದೊಂದು ಮುಂದೊಂದು. ಗಾಳಿಗುಳ್ಳೆ ಹಿಡಿಯಲು ಒಂದು ಪುಟ್ಟ ಕೋಣೆ, ಅದರ ಆಚೀಚೆಗೆ ಮತ್ತೆರಡು. ರೇಡಿಯೇಟರ್ ಕೈಕೊಟ್ಟರೆ ನೀರು ತಿರುಗಿ ಹೋಗಲು ಒಂದು ಪಕ್ಕದ ದಾರಿ, ಆ ದಾರಿಗೂ ಬಾಗಿಲು. ಭಯ ಬಂದಲ್ಲೆಲ್ಲ ಒಂದು ವಾಲ್ವು ಬರೆದಳು. ಬರೆದಷ್ಟು ಹೊತ್ತು ಉಸಿರು ಸಡಿಲವಾಗುತ್ತಿತ್ತು. ಪೆನ್ನು ಎತ್ತಿದೊಡನೆ ಇನ್ನೊಂದು ಕಡೆ ಸಂಶಯ ಮೂಡುತ್ತಿತ್ತು.

ಕೂಲಣ್ಣ ಆ ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿದ. ತಲೆಕೆಳಗು ಮಾಡಿ ನೋಡಿದ.

"ಅಕ್ಕ, ಇದು ಕಂಪ್ಯೂಟರೋ, ಊರಿಗೆಲ್ಲ ನೀರು ಬಿಡೋ ಸ್ಕೀಮೋ?"

"ನಗ್ಬೇಡಿ. ಇಷ್ಟೂ ಬೇಕು."

"ಪಂಪು ಪಾಪ ತಳ್ಳಿ ತಳ್ಳಿ ಸತ್ತೋಗುತ್ತೆ."

"ಇನ್ನೊಂದು ಪಂಪು ಹಾಕಿ."

"ಇನ್ನೊಂದಕ್ಕೆ ಇನ್ನೆರಡು ವಾಲ್ವು?"

"ಹೂಂ, ಬೇಕಾಗುತ್ತೆ," ಎಂದಳು ಅವಳು ಗಂಭೀರವಾಗಿ.

ಕೂಲಣ್ಣ ತಣ್ಣಗೆ ನಕ್ಷೆ ಮಡಚಿ ಕೊಟ್ಟ. "ಈ ವಾಲ್ವುಗಳನ್ನೆಲ್ಲ ಹೊರಗಿಂದ ತರಿಸ್ಬೇಕು. ತರಿಸಿದ ಮೇಲೆ ವಾಪಸ್ ತಗೊಳಲ್ಲ. ಇನ್ನೊಂದ್ಸಲ ಯೋಚ್ನೆ ಮಾಡಿ ಬನ್ನಿ."

ಯೋಚನೆ ಮಾಡಲೆಂದು ಅವಳು ನಕ್ಷೆಯನ್ನು ವಾರ್ಡಿಗೂ ಕೊಂಡೊಯ್ದಳು. ಕಿಟಕಿಯ ಪಕ್ಕದ ಹಾಸಿಗೆ ಟೈಲರಜ್ಜನದು. ಅಂಗಡಿಯನ್ನು ಮೊಮ್ಮಗಳಿಗೆ ಒಪ್ಪಿಸಿ, ಈಗ ವಾರದಲ್ಲಿ ಬಹುಪಾಲು ಇಲ್ಲೇ ಮಲಗಿ, ಬರುವ ಹೋಗುವ ನರ್ಸುಗಳ ಕೋಟಿನ ಹೊಲಿಗೆಯಲ್ಲಿ ತಪ್ಪು ಹುಡುಕುತ್ತಿದ್ದ ಮನುಷ್ಯ. ಅವನಿಗೆ ಟ್ಯೂಬು ಜೋಡಿಸಿ, ಯಂತ್ರ ಓಡತೊಡಗಿದ ಮೇಲೆ, ಅವಳು ಪಕ್ಕದ ಸ್ಟೂಲಿನಲ್ಲಿ ಕುಳಿತು ರಟ್ಟನ್ನು ಬಿಚ್ಚಿದಳು.

"ಏನು ಕ್ಲಾಂಪಕ್ಕ, ರವಿಕೆ ಕಟಿಂಗ್ ಹಾಕ್ತಿದೀಯಾ? ಕೊಡಿಲ್ಲಿ," ಎಂದು ಅಜ್ಜ ಬಿಡುವಾಗಿದ್ದ ಕೈಯನ್ನು ಚಾಚಿದ. ಕನ್ನಡಕ ಮೂಗಿಗಿಳಿಸಿ ಬಹಳ ಹೊತ್ತು ನೋಡಿದ. ಆಮೇಲೆ ಪಕ್ಕದಲ್ಲಿ ತಿರುಗುತ್ತಿದ್ದ ಯಂತ್ರವನ್ನೊಮ್ಮೆ, ತನ್ನ ತೋಳನ್ನೊಮ್ಮೆ ನೋಡಿ, ರಟ್ಟಿನ ಮೇಲೆ ಬೆರಳಿಟ್ಟ.

"ಎಲ್ಲಾ ಸರಿ. ಇದರಲ್ಲಿ ನಾನೆಲ್ಲಿ ಮಲಗಿದೀನಿ?"

"ಅಯ್ಯೋ ಅಜ್ಜ, ಇದು ನಮ್ಮನೆ ಕಂಪ್ಯೂಟರು."

"ಹೌದಾ? ನಾನು ನಿನ್ನ ಯಂತ್ರಾನೇ ಬರೆದಿದೀಯ ಅನ್ಕೊಂಡೆ. ಪಂಪು ಇದೆ, ಗುಳ್ಳೆ ಹಿಡಿಯೋ ಡಬ್ಬಿ ಇದೆ, ಹೆಜ್ಜೆಗೊಂದು ಕ್ಲಾಂಪಿದೆ. ನನ್ನೊಬ್ಬನ್ನ ಬಿಟ್ಟು ಎಲ್ಲಾ ಇದೆ."

ಪಕ್ಕದ ಹಾಸಿಗೆಯಾಕೆ ಕಿಸಕ್ಕೆಂದಳು. ಕ್ಲಾಂಪಕ್ಕನೂ ನಕ್ಕು ರಟ್ಟನ್ನು ತಿರುಗಿ ನೋಡಿದಳು. ಅಜ್ಜ ಹೇಳಿದ್ದು ನಿಜ. ಕಂಪ್ಯೂಟರಿನ ನಕ್ಷೆ ಎಂದುಕೊಂಡು ಅವಳು ಡಯಾಲಿಸಿಸ್ಸಿನ ನಕ್ಷೆ ಬರೆದಿದ್ದಳು. ಇಲ್ಲಿ ಕ್ಲಾಂಪುಗಳು ಯಾಕೆ ಬೇಕು? ಟ್ಯೂಬಿನ ತುದಿಯಲ್ಲಿ ಒಂದು ಜೀವವಿದೆ, ಅದಕ್ಕೆ. ಯಂತ್ರ ನಿಂತರೂ ಅಜ್ಜನ ಎದೆ ನಿಲ್ಲುವುದಿಲ್ಲ, ಸೋರಿದ ಕಡೆಯಿಂದ ರಕ್ತ ಹೊರಗೆ ಬರುತ್ತಲೇ ಇರುತ್ತದೆ. ಕಂಪ್ಯೂಟರಿಗೆ ಅಂಥ ಎದೆಯಿಲ್ಲ. ಪಂಪಿನ ಪ್ಲಗ್ಗು ಕಿತ್ತರೆ ನೀರು ನಿಂತಲ್ಲೇ ನಿಲ್ಲುತ್ತದೆ.

ಇಷ್ಟು ವರ್ಷ ಈ ಕೆಲಸ ಮಾಡಿದವಳಿಗೆ, ಪ್ಲಗ್ಗು ಕೀಳಬಹುದು ಎಂಬ ಮಾತು ಒಮ್ಮೆಯೂ ಹೊಳೆದಿರಲಿಲ್ಲ.

ಆ ಮಧ್ಯಾಹ್ನ ಅವಳು ರಟ್ಟಿನ ಮೇಲಿನ ವಾಲ್ವುಗಳನ್ನು ಹೊಡೆದುಹಾಕಲು ಕೂತಳು. ಒಂದೊಂದನ್ನು ಹೊಡೆದುಹಾಕುವಾಗಲೂ ಪೆನ್ನು ತಡೆದು ನಿಲ್ಲುತ್ತಿತ್ತು. ಆದರೆ ಒಂದು ವಾಲ್ವು ಎಂದರೆ ಅದಕ್ಕೆ ಎರಡು ಬಾಯಿ, ಎರಡು ಬಾಯಿಗೆ ಎರಡು ಜೋಡಣೆ, ಪ್ರತಿ ಜೋಡಣೆಯಲ್ಲೂ ಒಂದು ರಬ್ಬರ್ ಉಂಗುರ. ಸೋರುವುದಾದರೆ ಸೋರುವುದು ಅಲ್ಲೇ. ಸೋರೀತೆಂದು ಹೆದರಿ ಹೆದರಿ, ಸೋರುವ ಜಾಗಗಳನ್ನು ತಾನೇ ಪೆಟ್ಟಿಗೆಯ ತುಂಬ ನೆಟ್ಟಿದ್ದಳು. ಕೊನೆಗೆ ಒಂದೇ ವಾಲ್ವು ಉಳಿಯಿತು, ಎಲ್ಲಕ್ಕಿಂತ ಕೆಳಗೆ, ಬೇಕಾದಾಗ ನೀರು ಖಾಲಿ ಮಾಡಲು. ಉಳಿದ ದಾರಿ ಮಗುವೂ ಬರೆಯಬಹುದಾದಷ್ಟು ಸಾದಾ ಆಯಿತು. ಅದನ್ನು ನೋಡಿದರೆ ಇನ್ನೂ ಹೆಚ್ಚು ಭಯವಾಗುತ್ತಿತ್ತು.

ಇನ್ನೂ ಒಂದು ಗಂಡಾಂತರ ಉಳಿದಿತ್ತು. ಬ್ಲಾಕು ಕಾರ್ಡಿನ ಮೇಲೆ ಕೂರಬೇಕಾದರೆ ಸ್ಕ್ರೂ ತೂತುಗಳೂ ಚಿಪ್ಪುಗಳೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಹೊಂದಬೇಕು. ಒಂದೇ ಹೆಸರಿನ ಕಾರ್ಡನ್ನು ಕಂಪನಿ ಬೇರೆ ಬೇರೆ ಸರ್ಕ್ಯೂಟ್ ಹಲಗೆಗಳ ಮೇಲೆ ಮಾಡಿರುತ್ತದಂತೆ. ಯಾವ ಹಲಗೆ ಎಂದು ತಿಳಿಯಲು ಹಳೆಯ ಫ್ಯಾನುಗಳನ್ನು ಕಳಚಿ, ಒಳಗೆ ಅಚ್ಚಾದ ಸಣ್ಣಕ್ಷರ ಓದಬೇಕು. ಒಂದು ರಜೆಯ ಬೆಳಗ್ಗೆ ಅವಳು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದಳು. ಬೇಕರಿಯಿಂದ ಬಂದ ಗಂಡ ಮಲಗಲು ಹೋಗದೆ ಟಾರ್ಚು ಹಿಡಿದು ನಿಂತ. ಅವನ ಮೈಯಿಂದ ಹಿಟ್ಟಿನ ವಾಸನೆ ಬರುತ್ತಿತ್ತು.

"ಕೈ ನಡುಗ್ತಿದೆ ನಿಂದು," ಎಂದ.

"ಟಾರ್ಚು ನಡುಗ್ತಿದೆ."

"ಟಾರ್ಚು ನಡುಗಿದರೆ ನಾನು ನಡುಗ್ತಿದೀನಿ ಅಂತ. ಬಿಟ್ಬಿಡೋಣವೇನೇ? ನನಗೆ ಅಡುಗೆಮನೆ ಅಭ್ಯಾಸ ಆಗಿದೆ."

"ಸುಮ್ನೆ ಬೆಳಕು ಹಿಡೀರಿ."

ಚಿಪ್ಪಿನ ಬಿಸಿ ದಾಟಿಸಲೆಂದು ಸವರಿದ್ದ, ಈಗ ಒಣಗಿ ಗಾರೆಯಾಗಿದ್ದ ಹಳೆಯ ಪೇಸ್ಟು ಫ್ಯಾನುಗಳನ್ನೂ ಕಾರ್ಡನ್ನೂ ಬಿಡದೆ ಹಿಡಿದುಕೊಂಡಿತ್ತು. ಎಳೆದರೆ ಚಿಪ್ಪೇ ಕಿತ್ತು ಬಂದೀತು. ಅವಳು ಎಳೆಯಲಿಲ್ಲ. ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಿಡಿದು, ಮೆಲ್ಲಗೆ ಅತ್ತಿತ್ತ ತಿರುಚುತ್ತ ಕಾದಳು. ಕೊನೆಗೆ ಅದು ಚಪ್ಪರಿಸಿದಂಥ ಶಬ್ದ ಮಾಡಿ ಬಿಟ್ಟುಕೊಂಡಿತು. ಗಂಡ ಅಕ್ಷರಗಳನ್ನು ಗಟ್ಟಿಯಾಗಿ ಓದಿದ, ಅವಳು ಬರೆದುಕೊಂಡಳು, ಆಮೇಲೆ ತಾನೇ ಓದಿದಳು, ಅವನ ಕೈಯಲ್ಲಿ ಬರೆಸಿದಳು. ಎರಡೂ ಒಂದೇ ಎಂದಾದ ಮೇಲೆ ಕೂಲಣ್ಣನಿಗೆ ಫೋನು ಹೋಯಿತು.

"ಸ್ಕೀಮ್ ಕ್ಯಾನ್ಸಲ್ಲಾ ಅಕ್ಕ?" ಎಂದ ಅವನು. "ಒಳ್ಳೇದಾಯ್ತು ಬಿಡಿ. ಪಂಪಿನ ಕಡೆಯಿಂದ ಥ್ಯಾಂಕ್ಸು."

ಸಾಮಾನೆಲ್ಲ ಬಂದ ಮೇಲೆ, ಅವಳ ರಜೆಯ ದಿನ, ಜೋಡಣೆ ಮುಗಿಯಿತು. ಕಾರ್ಡಿಗೆ ಕರೆಂಟು ಕೊಡದೆ, ಪಂಪೊಂದನ್ನೇ ಓಡಿಸಿ ನೋಡುವುದು ಪದ್ಧತಿ. ಪ್ರತಿ ಜೋಡಣೆಯ ಕೆಳಗೆ ಟಿಶ್ಯೂ ಕಾಗದ ಇಟ್ಟಳು. ನೀರು ಟ್ಯೂಬಿನಲ್ಲಿ ಮೊದಲ ಸಲ ತಡವರಿಸುತ್ತ ಹೊರಟಿತು, ಗುಳ್ಳೆಗಳನ್ನು ನೂಕುತ್ತ ತಿರುವಿನಲ್ಲಿ ನಿಂತಿತು, ಮತ್ತೆ ಹೊರಟಿತು. ಅವಳ ಕೆಲಸಕ್ಕೆ ಅಡ್ಡ ಬರಬಾರದೆಂದು ಗಂಡ ಅಡುಗೆಮನೆಯಲ್ಲಿ ಮಲಗಿದ್ದ. ಅವಳು ನೆಲದ ಮೇಲೆ ಮೈಯೆಲ್ಲ ಕಣ್ಣಾಗಿ ಕೂತಳು.

ಬಿಸಿಲು ಕಿಟಕಿಯಿಂದ ಗೋಡೆಗೆ ಸರಿಯುವ ಹೊತ್ತಿಗೆ, ಟ್ಯೂಬು ಕಾರ್ಡಿನ ಬ್ಲಾಕಿಗೆ ಸೇರುವ ಬಾಯಲ್ಲಿ ಒಂದು ಹನಿ ಕೂಡಿತು.

ಅವಳ ಕೈ ಸೊಂಟದ ಹತ್ತಿರ ಹೋಯಿತು. ಜೇಬಿರಲಿಲ್ಲ, ಕ್ಲಾಂಪಿರಲಿಲ್ಲ, ಅವಳು ಮನೆಯ ಬಟ್ಟೆಯಲ್ಲಿದ್ದಳು. ಹನಿ ತುಂಬಿಕೊಳ್ಳುತ್ತ ಕೆಳಕ್ಕೆ ಜೋತಿತು. ಒಂದು ಗಳಿಗೆ ಅವಳಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಆಮೇಲೆ ತೆವಳಿಕೊಂಡು ಗೋಡೆಗೆ ಹೋಗಿ ಪ್ಲಗ್ಗು ಕಿತ್ತಳು.

ಪಂಪು ನಿಂತಿತು. ನೀರು ನಿಂತಿತು. ಯಾವ ಎಚ್ಚರಿಕೆ ಗಂಟೆಯೂ ಹೊಡೆದುಕೊಳ್ಳಲಿಲ್ಲ, ಯಾರ ಮುಖವೂ ಬಿಳಿಚಿಕೊಳ್ಳಲಿಲ್ಲ. ಹನಿ ಮಾತ್ರ ಕಾರ್ಡಿನ ಅಂಚಿಗೆ ಬಿದ್ದು ಅಲ್ಲೇ ಕುಳಿತಿತು. ಅವಳು ಅದನ್ನು ಟಿಶ್ಯೂವಿನಿಂದ ಹೀರಿ ತೆಗೆದಳು. ಕೆಳಗಿನ ವಾಲ್ವಿನಿಂದ ನೀರು ಖಾಲಿ ಮಾಡಿ, ಜೋಡಣೆ ಬಿಚ್ಚಿ ನೋಡಿದರೆ, ರಬ್ಬರ್ ಉಂಗುರ ತಿರುಚಿಕೊಂಡು ಒಂದು ಕಡೆ ಹಿಸುಕಿಹೋಗಿತ್ತು. ಸೋರಬಾರದೆಂದು ಶಕ್ತಿಮೀರಿ ಬಿಗಿದಿದ್ದಳು. ಹೊಸ ಉಂಗುರ ಹಾಕಿ, ಈ ಸಲ ಬೆರಳಿಗೆ ಸಾಕೆನಿಸಿದಲ್ಲಿ ನಿಲ್ಲಿಸಿದಳು. ಸಾಕೆನಿಸಿದಲ್ಲಿ ನಿಲ್ಲಿಸುವುದು ಅವಳಿಗೆ ಬಿಗಿಯುವುದಕ್ಕಿಂತ ಕಷ್ಟವಾಯಿತು.

ಕಾರ್ಡು ಒಣಗಲೆಂದು ಮಾರನೆಯ ದಿನದವರೆಗೆ ಬಿಟ್ಟಳು. ಹನಿ ಒಳಗೆಲ್ಲಾದರೂ ನುಸುಳಿದ್ದರೆ? ವಾರ್ಡಿನಲ್ಲಿ ಬೆಳಗೆಲ್ಲ ಅದೇ ಯೋಚನೆ. ಮನೆಗೆ ಬಂದು, ಮತ್ತೆ ನೀರು ತುಂಬಿ, ಪಂಪು ಓಡಿಸಿ, ಕಾಗದಗಳು ಒಣಗಿಯೇ ಇರುವುದನ್ನು ಮುಟ್ಟಿ ಮುಟ್ಟಿ ನೋಡಿ, ಮುಂದಿನ ದಿನವೂ ಹಾಗೇ ನೋಡಿ, ಕೊನೆಗೊಂದು ಮಧ್ಯಾಹ್ನ ಕಾರ್ಡಿಗೆ ಕರೆಂಟು ಕೊಟ್ಟಳು.

ಕಂಪ್ಯೂಟರಿನ ಪರದೆ ಕಪ್ಪಾಗಿಯೇ ಇತ್ತು. ಆಮೇಲೆ ಬೆಳಕು ಬಂತು.

ಆಟ ತೆರೆದಳು. ಹುಲ್ಲು ಬಂತು, ಗಾಳಿ ಬಂತು, ಕುದುರೆ ತಲೆ ಕೊಡವಿತು. ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡು ಕಿವಿಗೊಟ್ಟಳು. ಏನೂ ಕೇಳಿಸಲಿಲ್ಲ. ಅದು ಅವಳನ್ನು ಬೆಚ್ಚಿಬೀಳಿಸಿತು. ಅವಳ ಕಸುಬಿನಲ್ಲಿ ಯಂತ್ರ ಸದ್ದಿಲ್ಲದೆ ಇದೆಯೆಂದರೆ ನಿಂತಿದೆಯೆಂದೇ ಅರ್ಥ. ರೋಗಿಯ ತೋಳಿನ ಉಬ್ಬಿದ ರಕ್ತನಾಳದ ಮೇಲೆ ಬೆರಳಿಟ್ಟು ಒಳಗಿನ ನಡುಕವನ್ನು ಮುಟ್ಟಿ ನೋಡಿದ ಹಾಗೆ, ಅವಳು ಟ್ಯೂಬಿನ ಮೇಲೆ ಎರಡು ಬೆರಳಿಟ್ಟಳು. ಇತ್ತು. ಬೆಕ್ಕಿನ ಗಂಟಲಿನ ಗುರುಗುರಿನಷ್ಟು ಸಣ್ಣಗೆ, ಬೆಚ್ಚಗೆ, ನೀರು ಹೋಗುತ್ತಿತ್ತು.

ಅಡುಗೆಮನೆಯಿಂದ ದಡಬಡ ಸದ್ದಾಯಿತು. ಗಂಡ ಕಣ್ಣುಜ್ಜುತ್ತ, ಕಿವಿಯ ಹತ್ತಿ ಕಿತ್ತುಕೊಳ್ಳುತ್ತ ಓಡಿಬಂದ.

"ಏನಾಯ್ತೇ? ಕರೆಂಟ್ ಹೋಯ್ತಾ?"

"ಇಲ್ಲ."

"ಮತ್ತೆ ಸದ್ದೇ ಇಲ್ಲ? ಇವತ್ತು ಆಡ್ತೀನಿ ಅಂದಿದ್ದೆಯಲ್ಲ, ಸದ್ದಿಗೆ ಕಾದೂ ಕಾದೂ ಎಚ್ಚರ ಆಗ್ಬಿಡ್ತು ನಂಗೆ." ಅವನು ಪರದೆಯ ಮೇಲಿನ ಕುದುರೆಯನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ. ಬಗ್ಗಿ ಕಿವಿಯಿಟ್ಟ. "ಓಡ್ತಿದೆಯಾ ಇದು?"

"ಓಡ್ತಿದೆ. ಮಾತಾಡ್ಬೇಡಿ, ನೋಡ್ತಿದೀನಿ."

"ಏನು ನೋಡ್ತಿದೀಯಾ? ಕುದುರೆ ಆ ಕಡೆ ಇದೆ."

ಅವಳು ಕಾರ್ಡಿನ ಬಾಯಿಯ ಜೋಡಣೆಯಿಂದ ಕಣ್ಣು ಕೀಳಲಿಲ್ಲ. ಅವನು ಅಡುಗೆಮನೆಗೆ ಹೋದ. ಚಾಪೆ ಸುತ್ತುವ ಸದ್ದು ಕೇಳಿಸಿತು, ಏನೋ ಪಾತ್ರೆಗೆ ತಾಗಿ ಬಿತ್ತು. ಚಾಪೆಯನ್ನೂ ದಿಂಬನ್ನೂ ಕಂಕುಳಲ್ಲಿ ಅವುಚಿಕೊಂಡು ಅವಳ ಬೆನ್ನ ಹಿಂದಿನಿಂದ ಹಾದು, ಪರದೆ ಸರಿಸಿ, ತನ್ನ ಜಾಗದಲ್ಲಿ ಧೊಪ್ಪನೆ ಉರುಳಿದ. ಸ್ವಲ್ಪದರಲ್ಲೇ ಗೊರಕೆ ಶುರುವಾಯಿತು. ಹೊಳೆಯ ದಡದಲ್ಲಿ ಕುದುರೆ ನಿಂತೇ ಇತ್ತು. ಅವಳು ಒಣ ಕಾಗದವನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು.